‘ಊಟ ಆತೇನ್ರಿ?’ ಎಂದು ಕೇಳಬಾರದ ಗೆಳೆಯ

ಆಕ್ಲೆಂಡ್ ವಿಮಾನ ನಿಲ್ದಾಣ

ನ್ಯೂಜಿಲೆಂಡಿನಲ್ಲಿ ನನ್ನನ್ನು ಮೊದಲು ಎದುರುಗೊಂಡಿದ್ದು ಒಂದು ನಾಯಿ. ಗಿಡ್ಡ ಕಾಲು, ಜೋಲು ಕಿವಿ, ಮೈಮೇಲೆ ಸರ್ಕಾರಿ ಅಂಗಿ. ಸಾಲಿನಲ್ಲಿ ನಿಂತವರನ್ನೆಲ್ಲ ಮೂಸುತ್ತ ಬಂದು ನನ್ನ ಚೀಲದ ಮುಂದೆ ಗಟ್ಟಿಯಾಗಿ ಕೂತುಬಿಟ್ಟಿತು. ಧಾರವಾಡದ ಅಭ್ಯಾಸಬಲದಿಂದ ನಾನು "ಹಚಾ!" ಎಂದೆ. ನಾಯಿ ಕದಲಲಿಲ್ಲ. ಅದನ್ನು ಹಿಡಿದಿದ್ದ ಹೆಣ್ಣುಮಗಳು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದಳು.

ಚೀಲದಲ್ಲಿ ಕಡಕ್ ಜೋಳದ ರೊಟ್ಟಿಗಳಿದ್ದವು. ತಿನ್ನುವ ಸಾಮಾನು ಇದೆ ಎಂದು ನಾನೇ ಮುಂಚೆ ಹೇಳಿದ್ದೆ. ಆದರೂ ಕೈಗವಸು ತೊಟ್ಟ ಅಧಿಕಾರಿ ಒಂದು ರೊಟ್ಟಿ ಎತ್ತಿಕೊಂಡು, ಬೆಳಕಿಗೆ ಹಿಡಿದು, ಬೆರಳಿನಿಂದ ಟಕಟಕ ಬಡಿದ.

"ಇದು ತಟ್ಟೆಯೇ?" ಎಂದು ಕೇಳಿದ.

"ಊಟ ಮುಗಿದ ಮೇಲೆ ತಿಂದುಬಿಡಬಹುದಾದ ತಟ್ಟೆ," ಎಂದೆ. ಅವನಿಗೆ ಈ ಏರ್ಪಾಡು ಬಹಳ ಹಿಡಿಸಿದಂತೆ ಕಂಡಿತು.

ಆಮೇಲೆ ಅವನ ಕೈಗೆ ಸಿಕ್ಕಿದ್ದು ಒಂದು ಹಳೆಯ ಫಿಲ್ಮ್ ಡಬ್ಬಿ. ಕಪ್ಪು ಪ್ಲಾಸ್ಟಿಕ್ಕು, ಬೂದು ಮುಚ್ಚಳ. ಈಗಿನ ಮಕ್ಕಳು ಕಂಡಿರಲಿಕ್ಕಿಲ್ಲ. ಹಿಂದೆ ಕ್ಯಾಮೆರಾದ ರೀಲು ಇಂಥದ್ದರಲ್ಲಿ ಬರುತ್ತಿತ್ತು. ಒಳಗಿರುವುದು ಶೇಂಗಾ ಚಟ್ನಿಪುಡಿ ಎಂದು ನಾನು ಹೇಳುವಷ್ಟರಲ್ಲಿ ಅವನು ಮುಚ್ಚಳ ತೆಗೆದು ಉಸಿರು ತುಂಬ ಮೂಸಿಯಾಗಿತ್ತು. ಸೀನಿದ. ಕಣ್ಣೊರೆಸಿಕೊಂಡ. ಮತ್ತೆ ಸೀನಿದ.

ಈ ಡಬ್ಬಿ ಮೂಸಿ ಸೀನಿದವರಲ್ಲಿ ನೀನು ಮೊದಲಿಗನಲ್ಲ ಮಾರಾಯಾ, ಹಿಂದಿನವರ ಕೈಯಲ್ಲಿ ಮಚ್ಚುಗಳಿದ್ದವು ಎಂದು ಹೇಳಬೇಕೆನಿಸಿತು. ವಿಮಾನ ನಿಲ್ದಾಣದಲ್ಲಿ ಮಚ್ಚಿನ ಮಾತೆತ್ತಿದರೆ ಅಲ್ಲೇ ಇಟ್ಟುಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡು ಡಬ್ಬಿ ಇಸಿದುಕೊಂಡೆ.

ನಾನು ಈ ದೇಶಕ್ಕೆ ಬಂದದ್ದು ಹಿಮದ ಬೆಟ್ಟ ನೋಡುವುದಕ್ಕಲ್ಲ, ಕುರಿ ನೋಡುವುದಕ್ಕಂತೂ ಅಲ್ಲ. ಕುರಿ ನಮ್ಮಲ್ಲೂ ಇವೆ, ಹೈವೇ ಮೇಲೇ ಇವೆ. ಆ ಡಬ್ಬಿಯ ಒಡೆಯ, ನನ್ನ ಗೆಳೆಯ ನಾಗೇಶ ಕೆಲವು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ತೀರಿಕೊಂಡ. ಆ ಸುದ್ದಿಯನ್ನು ಇಲ್ಲಿರುವ ಒಬ್ಬನಿಗೆ ಎದುರು ಕೂತು ಹೇಳಬೇಕಾಗಿತ್ತು. ಅದಕ್ಕಾಗಿ ಬಂದೆ.

ಹೆಂಡರ್ಸನ್

ನಾನು ಇಳಿದುಕೊಂಡದ್ದು ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯಲ್ಲಿ, ಶಬಾನಾಳ ಮನೆಯಲ್ಲಿ. ಧಾರವಾಡದಲ್ಲಿ ನಮ್ಮ ಓಣಿಯ ಹುಡುಗಿ; ಓದಲು ಬಂದವಳು ಇಲ್ಲೇ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಹಿಡಿದು ನಿಂತಿದ್ದಾಳೆ. ಮನೆ ಕಟ್ಟಿಗೆಯದು. ಒಳಗೆ ಹೊರಗಿಗಿಂತ ಚಳಿ ಹೆಚ್ಚು. ಎರಡು ಸ್ವೆಟರ್ ಹಾಕಿಕೊಂಡು ರಜಾಯಿ ಹೊದ್ದು ಕೂತಿದ್ದರೆ, ಪಕ್ಕದ ಮನೆಯಾತ ಚಡ್ಡಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದ. ರಸ್ತೆಯಲ್ಲಿ ಹಾರ್ನ್ ಸದ್ದೇ ಇಲ್ಲ. ಇಲ್ಲಿ ಹಾರ್ನ್ ಹೊಡೆದರೆ ತಾಯಿ ಎತ್ತಿ ಬೈದಂತೆ ಎಂದು ಶಬಾನಾ ಎಚ್ಚರಿಸಿದಳು. ಅವಳ ಮಗಳು ಜಾರಾಗೆ ನಾನು ಕನ್ನಡದಲ್ಲಿ ನೀರು ಕೇಳಿದೆ. "ಇನ್ ಅ ಮಿನಿಟ್" ಎಂದಿತು ಕೂಸು. ನೀರು ಮಾತ್ರ ಕನ್ನಡದ ವೇಗದಲ್ಲೇ ಬಂತು.

ನಾನು ಬಂದ ಕಾರಣ ಕೇಳಿ ಶಬಾನಾ ತಲೆ ಕೆರೆದುಕೊಂಡಳು. "ಆಂಟಿ, ಫೋನ್‌ನಾಗ ಹೇಳಿಬಿಟ್ಟಿದ್ರ ಮುಗೀತಿತ್ತಲ್ರಿ? ಇಷ್ಟ ದೂರ ಯಾಕ ಬಂದ್ರಿ, ಮೊಣಕಾಲ ಬ್ಯಾನಿ ಇಟಗೊಂಡು?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೂವತ್ತು ವರ್ಷದ ಮೇಲಾಯಿತು. ನಾನು ನೈರೋಬಿಯ ಒಂದು ಸಣ್ಣ ಇಂಗ್ಲಿಷ್ ವಾರಪತ್ರಿಕೆಯಲ್ಲಿ ವರದಿಗಾರ್ತಿ. ನಾಗೇಶ ಫೋಟೋಗ್ರಾಫರ್. ಅತ್ತ ರುವಾಂಡಾದಲ್ಲಿ ಟುಟ್ಸಿ ಜನರನ್ನು ಹುಡುಹುಡುಕಿ ಕೊಲ್ಲುತ್ತಿದ್ದ ದಿನಗಳು. ದೊಡ್ಡ ಪತ್ರಿಕೆಗಳವರು ಹೊರಟುಹೋಗುವ ಹೊತ್ತಿಗೆ ನಮ್ಮ ಸಂಪಾದಕರಿಗೆ ನಮ್ಮಿಬ್ಬರನ್ನು ಕಳಿಸುವ ಉಮೇದು ಬಂತು. ಬುದ್ಧಿಯಿದ್ದವರು ಒಲ್ಲೆ ಎನ್ನುತ್ತಿದ್ದರು. ನಾವು ಹೋದೆವು.

ಗಡಿಯಲ್ಲಿ ಸಿಕ್ಕ ಡ್ರೈವರ್ ಕಲಿಸ್ತ. ಅವನ ಹೆಸರಿನ ಸರಿಯಾದ ಉಚ್ಚಾರ ನಮ್ಮ ನಾಲಿಗೆಗೆ ದಕ್ಕದೆ ‘ಕಲಿಸ್ತ’ ಆಗಿತ್ತು. "ಏನ್ ಕಲಿಸ್ತ? ಗಾಡಿ ಹೊಡಿಯೋದು ಕಲಿಸ್ತ!" ಎಂದು ನಾಗೇಶ ದಿನವೂ ಅದೇ ಹಳಸಲು ಜೋಕು ಹೇಳಿ ತಾನೊಬ್ಬನೇ ನಗುತ್ತಿದ್ದ. ಕಲಿಸ್ತ ನನ್ನನ್ನು ಕರೆಯುತ್ತಿದ್ದದ್ದು ‘ದಾದಾ’ ಎಂದು. ಸ್ವಾಹಿಲಿಯಲ್ಲಿ ದಾದಾ ಎಂದರೆ ಅಕ್ಕ. ನಮ್ಮ ಕಡೆ ದಾದಾ ಎಂದರೆ ಹಫ್ತಾ ವಸೂಲಿ ಮಾಡುವವನು. ನನ್ನ ಸ್ವಭಾವಕ್ಕೆ ಎರಡೂ ಹೊಂದುತ್ತವೆಂದು ನಾಗೇಶನ ಅಭಿಪ್ರಾಯ.

ಕಲಿಸ್ತ ಟುಟ್ಸಿ. ಅಲ್ಲಿ ಗುರುತಿನ ಚೀಟಿಯಲ್ಲೇ ಜನಾಂಗದ ಹೆಸರು ಬರೆದಿರುತ್ತಿತ್ತು, ರಸ್ತೆಗೆ ಮರದ ದಿಮ್ಮಿ ಅಡ್ಡ ಹಾಕಿ ನಿಂತವರು ಮೊದಲು ಕೇಳುತ್ತಿದ್ದದ್ದು ಅದನ್ನೇ. ಹಾಗಾಗಿ ನಾವು ಅವನನ್ನು ನೈರೋಬಿಯಿಂದ ಕರೆತಂದ ಡ್ರೈವರ್ ಎಂದು ಹೇಳುತ್ತಿದ್ದೆವು. ಊರಿನ ಭಾಷೆ ಅವನಿಗೆ ಒಂದಕ್ಷರ ಬರುವುದಿಲ್ಲ ಎಂದು ಆಣೆ ಹಾಕುತ್ತಿದ್ದೆವು. ಅವನಿಗೋ ಅವರು ಆಡುವ ಪ್ರತಿ ಮಾತೂ ತಿಳಿಯುತ್ತಿತ್ತು. ಇವರನ್ನು ಇಳಿಸೋಣವೇ, ಇಲ್ಲೇ ಮುಗಿಸೋಣವೇ ಎಂದು ಅವರು ಮಾತಾಡಿಕೊಳ್ಳುವುದನ್ನು ಕೇಳುತ್ತ ಕೇಳದವನಂತೆ ಕೂರುವುದು ಅವನ ಕೆಲಸ. ಕೇಳಿದ್ದನ್ನು ನಮಗೆ ದಾಟಿಸುವುದಕ್ಕೆ ಅವರ್‍ಯಾರಿಗೂ ತಿಳಿಯದ ಒಂದು ಮಾತು ಬೇಕಿತ್ತು. ನಾಗೇಶ ಅವನಿಗೆ ಕಲಿಸಿದ್ದು ಒಂದೇ ಕನ್ನಡ ವಾಕ್ಯ: ‘ಊಟ ಆತೇನ್ರಿ?’

ಅಂದರೆ ಅಪಾಯ, ಏನಾದರೂ ಮಾಡಿ. ದಾಟಿದ ಮೇಲೆ ನಾವು ಹೇಳಬೇಕಾದ ಉತ್ತರ: ‘ಆತು.’

ಬೇರೆ ಮಾತು ಆರಿಸಬಹುದಿತ್ತು. ಆದರೆ ಕಲಿಸ್ತ ಹಳೇ ಕಾಲದ ಮನೆತನದವನು. ಅವರಲ್ಲಿ ಬೀದಿಯಲ್ಲಿ ನಿಂತು ತಿನ್ನುವುದು ಮಾನಗೇಡು. ಒಬ್ಬರ ಊಟದ ಬಗ್ಗೆ ಹೀಗೆ ಬಾಯಿಬಿಟ್ಟು ಕೇಳುವುದು ಇನ್ನೂ ಮಾನಗೇಡು. ನಾವು ಕನ್ನಡದವರು ಸಿಕ್ಕಸಿಕ್ಕವರನ್ನೆಲ್ಲ ಊಟ ಆಯಿತೇ ಎಂದು ಕೇಳುತ್ತೇವೆಂದಾಗ, "ಅಪರಿಚಿತರನ್ನೂ? ಹೆಂಗಸರನ್ನೂ?" ಎಂದು ಕಿವಿ ಕೆಂಪಗೆ ಮಾಡಿಕೊಂಡಿದ್ದ. ಅಂಥ ಮಾತು ಅವನ ಬಾಯಿಂದ ಅಕಸ್ಮಾತ್ತಾಗಿ ಬೀಳುವ ಹಾಗಿರಲಿಲ್ಲ. ಬಿದ್ದರೆ ನಿಜವಾಗಿಯೂ ಪ್ರಾಣಕ್ಕೆ ಬಂದಿದೆ ಎಂದೇ ಅರ್ಥ.

ಅವನು ಕೇಳಿದಾಗಲೆಲ್ಲ ನಾಗೇಶ ಆಟ ಶುರುಮಾಡುತ್ತಿದ್ದ. ಅಡ್ಡಗಟ್ಟಿದವರು ಫಿಲ್ಮ್ ಕಸಿಯಲೆಂದೇ ಚೀಲಕ್ಕೆ ಕೈಹಾಕುತ್ತಾರೆ. ಇವನು ಗೋಳಾಡುತ್ತ ಚಟ್ನಿಪುಡಿಯ ಡಬ್ಬಿ ಮುಂದೆ ಮಾಡುತ್ತಾನೆ. ಅವರು ತೆರೆದು ಮೂಸಿ ಸೀನುತ್ತಾರೆ. ಅವರ ಜೊತೆಯವರೇ ಅವರನ್ನು ನೋಡಿ ನಗುತ್ತಾರೆ. ನಗುವವನಿಗೆ ಆ ಗಳಿಗೆಯಲ್ಲಿ ಮಚ್ಚು ಎತ್ತಲು ಆಗುವುದಿಲ್ಲ ಎನ್ನುವುದು ನಾಗೇಶನ ಒಂದೇ ಒಂದು ಸಿದ್ಧಾಂತ. ಪ್ರತಿ ಸಲವೂ ಆ ಡಬ್ಬಿಯನ್ನು ಬೈದಾಡಿ ವಾಪಸು ಇಸಿದುಕೊಳ್ಳುತ್ತಿದ್ದ. ಕ್ಯಾಮೆರಾ ಬೇಕಾದರೆ ಕೊಟ್ಟಾನು, ಡಬ್ಬಿ ಕೊಡ. ನಮಗೂ ಚಿಟಿಕೆ ಹಾಕುತ್ತಿದ್ದನೇ ಹೊರತು ಮುಟ್ಟಗೊಡುತ್ತಿರಲಿಲ್ಲ.

ಕಲಿಸ್ತನನ್ನು ಗಡಿ ದಾಟಿಸಿದೆವು. ಅವನ ಮನೆಯವರು ಒಬ್ಬರೂ ಉಳಿಯಲಿಲ್ಲ. ಒಂದೊಂದು ಸಾವೂ ಅವನಿಗೆ ತಿಳಿದದ್ದು ಫೋನಿನಲ್ಲಿ, ಯಾರ್‍ಯಾರದೋ ಬಾಯಿಂದ. ಮುಂದೆ ನಿರಾಶ್ರಿತನಾಗಿ ನ್ಯೂಜಿಲೆಂಡ್ ಸೇರಿದ. ನಾಗೇಶ ಹುಬ್ಬಳ್ಳಿಗೆ ಬಂದು ಸ್ಟುಡಿಯೋ ಇಟ್ಟ. ಭಾನುವಾರ ತಪ್ಪಿದರೂ ಇವರಿಬ್ಬರ ಫೋನು ತಪ್ಪುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನಾಗೇಶ ಹೇಳಿದ್ದು ಇಷ್ಟೇ: "ಅವಂಗ ಮಾತ್ರ ಫೋನ್‌ನಾಗ ಹೇಳಬ್ಯಾಡ. ಭಾಳ ಕೇಳ್ಯಾನ ಅಂವ ಫೋನ್‌ನಾಗ. ಹೋಗಿ ಹೇಳು."

ವೀಸಾ ಬರುವವರೆಗೆ ಕಲಿಸ್ತನಿಗೆ ನಾನೊಂದು ಸುಳ್ಳು ಹೇಳಿದ್ದೆ. ನಾಗೇಶನಿಗೆ ಗಂಟಲಿನ ಆಪರೇಶನ್ ಆಗಿದೆ, ಮಾತಾಡುತ್ತಿಲ್ಲ ಎಂದು. ಅರ್ಧ ನಿಜವೇ ಅದು. ಮಾತಂತೂ ಆಡುತ್ತಿರಲಿಲ್ಲ.

ಒನೆಹುಂಗಾ

ಶನಿವಾರ ಕಲಿಸ್ತನ ಫೋನ್ ಬಂತು. "ನಾಳೆ ನಮ್ಮೂರು ಪುಕೆಕೊಹೆಗೆ ಬಾ ದಾದಾ. ಬರುವಾಗ ಒಂದು ಪ್ಲೇಟ್ ತಗೊಂಡು ಬಾ." ಪಾಪ, ಒಂಟಿ ಮನುಷ್ಯ, ಮನೆಯಲ್ಲಿ ತಟ್ಟೆಗೂ ಗತಿಯಿಲ್ಲವೇನೋ ಎಂದು ನಾನು ಶಬಾನಾಳ ಅಡುಗೆಮನೆಯಿಂದ ಸ್ಟೀಲಿನ ತಟ್ಟೆಗಳನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿಟ್ಟೆ. ಶಬಾನಾ ನೋಡಿ ನಕ್ಕು ನೆಲಕ್ಕೆ ಕೂತಳು. "ಆಂಟಿ, ಇಲ್ಲೆ ಪ್ಲೇಟ್ ತಗೊಂಡ್ ಬಾ ಅಂದ್ರ ಏನರ ತಿನ್ನಾಕ ಮಾಡ್ಕೊಂಡ್ ಬಾ ಅಂತ್ರಿ. ನಾನೂ ಮೊದಲ ವರ್ಷ ಫ್ಲಾಟ್‌ಮೇಟ್ ಪಾರ್ಟಿಗೆ ಖಾಲಿ ಪ್ಲೇಟ್ ಹಿಡಕೊಂಡ್ ಹೋಗಿದ್ದೆ!" ಹಾಗಾದರೆ ಚಿಂತೆಯಿಲ್ಲ. ವಿಮಾನ ನಿಲ್ದಾಣದ ಅಧಿಕಾರಿಯೇ ತಟ್ಟೆಯೆಂದು ಒಪ್ಪಿದ ರೊಟ್ಟಿಗಳು ನನ್ನ ಬಳಿ ಇದ್ದವು.

ಅಂದು ಅವಳು ಏನೋ ಕೆಲಸಕ್ಕೆ ಒನೆಹುಂಗಾ ಪೇಟೆಗೆ ಹೊರಟಿದ್ದಳು, ನಾನೂ ಹೋದೆ. ಮುಖ್ಯ ರಸ್ತೆಯಲ್ಲಿ ಒಬ್ಬ ದೊಡ್ಡ ಮನುಷ್ಯ, ಮೈಮೇಲೆ ಒಳ್ಳೆಯ ಜಾಕೀಟು, ಕಾಲಲ್ಲಿ ಚಪ್ಪಲಿಯೂ ಇಲ್ಲದೆ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದ. ಹರಕೆ ಹೊತ್ತಿರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಇನ್ನೂ ಇಬ್ಬರು ಹಾಗೆಯೇ. ಇಡೀ ಊರಿಗೇ ಹರಕೆಯೇನೋ! ಬಸ್ಸಿನಿಂದ ಇಳಿದವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮಲ್ಲಿ ಬಸ್ಸು ಪೂರ್ತಿ ನಿಂತಿದ್ದಕ್ಕೇ ಹೇಳಬೇಕು.

ಬೇಕರಿಯಲ್ಲಿ ಒಂದು ಆಲೂಗಡ್ಡೆ ಪೈ, ಅಂದರೆ ಒಲೆಯಲ್ಲಿ ಸುಟ್ಟ ಕಡುಬು, ಕೊಂಡು ಬೀದಿಯ ಬೆಂಚಿನ ಮೇಲೆ ಕೂತೆ. ಕಚ್ಚಿದರೆ ಒಳಗೆ ನಿಗಿನಿಗಿ ಕೆಂಡ. ಬಾಯಿ ಸುಟ್ಟು ಕಣ್ಣಲ್ಲಿ ನೀರು ಬಂತು. ಬಂದದ್ದು ನಿಲ್ಲಲಿಲ್ಲ. ಪೈಯ ನೆಪದಲ್ಲಿ ನಾಗೇಶನಿಗಾಗಿ ಅಳುತ್ತಿದ್ದೇನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾಳೆ ಏನು ಹೇಳುವುದು? ‘ನಾಗೇಶ ಇನ್ನಿಲ್ಲ’ ಎಂದರೆ ಪತ್ರಿಕೆಯ ಹೆಡ್‌ಲೈನು. ‘ಹೋದ’ ಎಂದರೆ ಎಲ್ಲಿಗೆ ಎಂದು ಕೇಳಿಯಾನು. ಜೀವಮಾನವೆಲ್ಲ ಸಾವಿನ ಸುದ್ದಿ ಬರೆದವಳಿಗೆ ಒಂದು ಸಾವು ಹೇಳಲು ವಾಕ್ಯ ಸಿಗಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಮುದುಕ, ಬಿಳಿಯ, ನನ್ನ ಕಡೆ ಕರವಸ್ತ್ರ ಚಾಚಿದ. "ಪೈ ಬಿಸಿ ಇದೆಯಾ, ಬೇರೆ ಏನಾದರೂ ಇದೆಯಾ?" ಎಂದ.

"ಗೆಳೆಯ ಸತ್ತುಹೋದ," ಎಂದೆ. ‘ಸತ್ತ’ ಎಂಬ ಶಬ್ದವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅವನಿಗೆ.

ಮುದುಕ ತಲೆಯಾಡಿಸಿದ. "ಗುಡ್ ಬಗರ್, ವಾಸ್ ಹೀ?"

ನನಗೆ ಮೈ ಉರಿಯಿತು. ಸತ್ತವನನ್ನು ‘ಬಗರ್’ ಎಂದು ಈ ಪರಿ ಹೊಲಸಾಗಿ ಬೈಯುವುದೇ? ಕರವಸ್ತ್ರ ಅಲ್ಲೇ ಇಟ್ಟು ಎದ್ದು ಬಂದೆ. ಕಾರಿನಲ್ಲಿ ಹೇಳಿದಾಗ ಶಬಾನಾ ಹಣೆ ಚಚ್ಚಿಕೊಂಡಳು. "ಅಯ್ಯೋ ಆಂಟಿ, ಅದು ಬೈಗಳ ಅಲ್ರಿ, ಚಲೋ ಮನಷ್ಯಾ ಇದ್ದನೇನು ಅಂತ. ಇಲ್ಲೆ ಒಬ್ಬ ಮನಷ್ಯಾಗ ಅದಕ್ಕಿಂತ ದೊಡ್ಡ ಬಿರುದು ಇಲ್ರಿ." ಮುದುಕನನ್ನು ಹುಡುಕಲು ಕಾರು ತಿರುಗಿಸಿದೆವು. ಬೆಂಚು ಖಾಲಿಯಿತ್ತು.

ಪುಕೆಕೊಹೆ

ಪುಕೆಕೊಹೆಯ ಮಣ್ಣು ಕೆಂಪು, ಗಾಳಿಯಲ್ಲಿ ಉಳ್ಳಾಗಡ್ಡಿಯ ವಾಸನೆ. ಹುಬ್ಬಳ್ಳಿ ಎಪಿಎಂಸಿಯನ್ನು ಯಾರೋ ಗುಡಿಸಿ, ತೊಳೆದು, ಜನರನ್ನೆಲ್ಲ ಮನೆಗೆ ಕಳಿಸಿದಂತೆ ಇತ್ತು. ಶಬಾನಾ ನನ್ನನ್ನು ಬಿಟ್ಟು, ಸಂಜೆ ಬರುವೆನೆಂದು ಹೋದಳು.

ಕಲಿಸ್ತ ಗೇಟಿನಲ್ಲೇ ನಿಂತಿದ್ದ. ತಲೆ ಬೆಳ್ಳಗಾಗಿದೆ, ಬೆನ್ನು ಮಾತ್ರ ಅಂದಿನಂತೆಯೇ ನೆಟ್ಟಗೆ. ಉಳ್ಳಾಗಡ್ಡಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. "ದಾದಾ!" ಎಂದು ಕೂಗಿ ಅಪ್ಪಿಕೊಂಡ. ಇಬ್ಬರೂ ಒಟ್ಟಿಗೇ ಮಾತು ಶುರುಮಾಡಿದೆವು. ಬಂದದ್ದು ಹಳೆಯ ಇಂಗ್ಲಿಷು, ಸ್ವಾಹಿಲಿ ಕಲಸಿದ ಚಿತ್ರಾನ್ನ. ನಿಮಗಾಗಿ ಕನ್ನಡದಲ್ಲಿ ಬಡಿಸುತ್ತಿದ್ದೇನೆ.

ನಾನು ಸುದ್ದಿ ಎತ್ತುವ ಮೊದಲೇ ಅವನು ಒಳಗಿನಿಂದ ಒಂದು ಸ್ವೆಟರ್ ತಂದ. ದಪ್ಪ ಉಣ್ಣೆಯದು, ಕಡುನೀಲಿ, ನಾಗೇಶನಿಗೆಂದು. "ಅವನ ಹೊಟ್ಟೆ ಈಗ ಎಷ್ಟಿದೆ?" ಎಂದು ಕೈಯಲ್ಲಿ ಅಳತೆ ತೋರಿಸಿದ. "ಫೋನಿನಲ್ಲಿ ಕೇಳಿದರೆ ಸುಳ್ಳು ಹೇಳುತ್ತಾನೆ. ತೆಳ್ಳಗಾಗಿದ್ದೇನೆ ಅನ್ನುತ್ತಾನೆ."

ಹೇಳು, ಈಗಲೇ ಹೇಳು ಎಂದಿತು ಮನಸ್ಸು. "ಹುಬ್ಬಳ್ಳಿಯಲ್ಲಿ ಇಷ್ಟು ಚಳಿ ಎಲ್ಲಿದೆ?" ಎಂದಿತು ಬಾಯಿ.

"ನನಗೆ ಗೊತ್ತು. ಬೈಯಲಿ ಅಂತಲೇ ಕೊಡುತ್ತಿದ್ದೇನೆ. ಗಂಟಲು ಸರಿಹೋದ ಕೂಡಲೇ ಫೋನ್ ಮಾಡಿ ಬೈಯಲು ಅವನಿಗೆ ಒಂದು ಕಾರಣ ಬೇಕಲ್ಲ."

ಸ್ವೆಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನನ್ನಂಥ ಹೇಡಿ ಆ ಊರಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಅವನು ಬೇಳೆಯಂತೆ ಬೇಯಿಸಿದ ಕಾಳಿನ ಪಾತ್ರೆ ಮುಚ್ಚಿಟ್ಟು, "ಮೊದಲು ನನ್ನ ಹೊಲಗಳನ್ನು ತೋರಿಸುತ್ತೇನೆ, ಆಮೇಲೆ ಊಟ," ಎಂದ. ಹೊಲ ಅವನದಲ್ಲ, ಯಾರದೋ. ಆದರೂ ‘ನನ್ನ’ ಎನ್ನುತ್ತಿದ್ದ. ದಾರಿಯಲ್ಲಿ ಹೇಳಿದರಾಯಿತು ಎಂದು ನಾನು ರೊಟ್ಟಿಯ ಚೀಲ ಹಿಡಿದು ಅವನ ಯೂಟ್ ಹತ್ತಿದೆ. ಯೂಟ್ ಎಂದರೆ ಮುಂದೆ ಕಾರು, ಹಿಂದೆ ಟೆಂಪೋ. ಇಲ್ಲಿನವರಿಗೆ ನಮ್ಮ ಬುಲೆಟ್ಟಿನಷ್ಟು ಅಭಿಮಾನ ಅದರ ಮೇಲೆ.

ಕೋಸಿನ ಹೊಲದ ಬದಿ

ಈ ದೇಶದಲ್ಲಿ ಕುರಿಗಿಂತ ಹೆಚ್ಚಾಗಿ ನಾನು ಕಂಡದ್ದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶಂಕುಗಳು. ಎಲ್ಲಿ ನೋಡಿದರೂ ರಸ್ತೆ ರಿಪೇರಿ. ಕೋಸಿನ ಹೊಲಗಳ ನಡುವಿನ ಸಣ್ಣ ರಸ್ತೆಯಲ್ಲೂ ಶಂಕುಗಳ ಸಾಲು, ಅದರ ತುದಿಗೆ ಮಿರುಗುವ ಅಂಗಿ ತೊಟ್ಟ ಭಾರಿ ಮನುಷ್ಯನೊಬ್ಬ ‘ನಿಲ್ಲಿ’ ಎಂಬ ಹಲಗೆ ಹಿಡಿದು ನಿಂತಿದ್ದ. ಕಲಿಸ್ತ ನಿಲ್ಲಿಸಿದ. ನಮ್ಮದೊಂದೇ ಗಾಡಿ. ಅವನ ಬೆರಳುಗಳು ಸ್ಟಿಯರಿಂಗ್ ಮೇಲೆ ಬಿಗಿಯಾದದ್ದು ನೋಡಿದೆ.

"ಇಷ್ಟು ವರ್ಷವಾದರೂ," ಎಂದು ನಾಚಿ ನಕ್ಕ.

ಅದೇ ಗಳಿಗೆಗೆ ನನ್ನ ಫೋನ್ ಬಡಿದುಕೊಂಡಿತು. ನಾಗೇಶನ ಹೆಂಡತಿ ಶಾಂತಾ, ಅಲ್ಲಿನ ನಸುಕಿನಲ್ಲೇ ಎದ್ದು ಫೋನ್ ಮಾಡಿದ್ದಳು. ಆಫ್ ಮಾಡಲು ಹೋಗಿ ಎಲ್ಲೋ ಒತ್ತಿದೆ. ಹುಬ್ಬಳ್ಳಿಯ ಓಣಿಯಿಂದ ಅವಳ ದನಿ ಗಾಡಿ ತುಂಬ ಮೊಳಗಿತು:

"ಹಲೋ ಅಕ್ಕಾರ! ಊಟ ಆತೇನ್ರಿ?"

ಕಲಿಸ್ತ ನನ್ನ ಕಡೆ ನೋಡಲಿಲ್ಲ. ಹಲಗೆ ಹಿಡಿದವನನ್ನೂ ನೋಡಲಿಲ್ಲ. ಒಂದು ಕೈಯಲ್ಲಿ ನನ್ನ ತಲೆಯನ್ನು ಕೆಳಕ್ಕೆ ಅದುಮಿ, ಇನ್ನೊಂದರಲ್ಲಿ ಗೇರ್ ಎಳೆದು, ಯೂಟನ್ನು ಹಿಂದಕ್ಕೆ ಹಾರಿಸಿದ. ಶಂಕುಗಳು ಉರುಳಿದವು. ಚಕ್ರ ಕಾಲುವೆಗೆ ಇಳಿಯಿತು. ಗಾಡಿ ಕೋಸಿನ ಹೊಲದೊಳಗೆ ಓರೆಯಾಗಿ ನಿಂತಿತು. ಎಂಜಿನ್ ಬಂದಾದ ಮೇಲೂ ಅವನ ಕೈ ನನ್ನ ತಲೆಯ ಮೇಲೇ ಇತ್ತು.

"ಏನಾತ್ರಿ? ಹೇಳಿದ್ರೇನು ಅವ್ರಿಗೆ?" ಎನ್ನುತ್ತಿದ್ದಳು ಶಾಂತಾ, ಎಲ್ಲೋ ನನ್ನ ಕಾಲಬುಡದಲ್ಲಿ. ಹೇಗೋ ಫೋನ್ ಆರಿಸಿದೆ.

ರೊಟ್ಟಿಯ ಚೀಲ ಬಾಯಿಬಿಟ್ಟಿತ್ತು. ಫಿಲ್ಮ್ ಡಬ್ಬಿ ಉರುಳಿ ಹೋಗಿ ಕಲಿಸ್ತನ ಬೂಟಿಗೆ ತಾಗಿ ನಿಂತಿತು. ಅವನು ಬಗ್ಗಿ ಎತ್ತಿಕೊಂಡ. ಮುಚ್ಚಳವನ್ನು ಹೆಬ್ಬೆರಳಿನಿಂದ ಸವರಿದ. 

"ಅವನೇ ಕೊಟ್ಟನಾ?" ಎಂದ.

"ಇಲ್ಲ," ಎಂದೆ. "ಶಾಂತಾ ಕೊಟ್ಟಳು."

ನಾನು ದಾರಿಯುದ್ದಕ್ಕೂ ಹುಡುಕಿದ ವಾಕ್ಯ ಅದೇ ಆಗಿತ್ತು. ಬದುಕಿದ್ದರೆ ನಾಗೇಶ ಆ ಡಬ್ಬಿಯನ್ನು ಇನ್ನೊಬ್ಬರ ಕೈಗೆ ಬಿಡುವವನಲ್ಲ ಎಂದು ಭೂಮಿಯ ಮೇಲೆ ತಿಳಿದಿದ್ದವರು ಶಾಂತಾ ಸೇರಿ ನಾವು ಮೂವರೇ. ಕಲಿಸ್ತ ಕಣ್ಣು ಮುಚ್ಚಿದ. ಆಮೇಲೆ ಮೆಲ್ಲಗೆ, ಆ ದಿನಗಳಲ್ಲಿ ಕೇಳುತ್ತಿದ್ದ ಅದೇ ಸಣ್ಣ ದನಿಯಲ್ಲಿ, ಡಬ್ಬಿಯ ಕಡೆ ನೋಡುತ್ತ ಕೇಳಿದ:

"ಊಟ ಆತೇನ್ರಿ?"

"ಆತು," ಎಂದೆ. "ದಾಟಿದ."

ನಾನು ಅತ್ತೆ. ಅವನೂ ಅತ್ತ. "ಗುಡ್ ಬಗರ್," ಎಂದ ಮೂಗು ಒರೆಸಿಕೊಳ್ಳುತ್ತ. ಈ ಸಲ ನನಗೆ ಅರ್ಥವಾಯಿತು.

ಹಲಗೆಯವನು ಓಡಿ ಬಂದು ಕಿಟಕಿಯಲ್ಲಿ ಇಣುಕಿದ. ಮಾವೋರಿ ಇರಬೇಕು, ಅಗಲ ಮುಖ, ಗಾಬರಿ ಬಿದ್ದಿದ್ದ. "ಇಬ್ಬರಿಗೂ ಏನೂ ಆಗಿಲ್ಲ ತಾನೇ?" ಎಂದ. ಬೈಯಲಿಲ್ಲ, ಯಾರು ಏನು ಎಂದು ಕೇಳಲಿಲ್ಲ. ಮೂವರೂ ಇಳಿದು ದಬ್ಬಿದೆವು. ನನ್ನ ಮೊಣಕಾಲಿನ ಪಾಲು ಹೆಚ್ಚೇನಿರಲಿಲ್ಲ. ಯೂಟ್ ರಸ್ತೆಗೆ ಬಂತು. ಒಂದಿಷ್ಟು ಕೋಸು ಹಾಳಾಗಿದ್ದವು. ರೈತನಿಗೆ ತಾನು ಹೇಳುತ್ತೇನೆಂದು ಆ ಮನುಷ್ಯ ಕೈಬೀಸಿದ. ಶಂಕುಗಳನ್ನು ನೆಟ್ಟಗೆ ಮಾಡಿ, ಹಲಗೆ ತಿರುಗಿಸಿ ‘ಹೋಗಿ’ ಎಂದು ತೋರಿಸಿದ.

ಕಲಿಸ್ತ ಹೋಗಲಿಲ್ಲ. ಯೂಟಿನ ಹಿಂಬದಿಯ ಬಾಗಿಲು ಇಳಿಸಿ, ಅದರ ಮೇಲೆ ಮುರಿದ ರೊಟ್ಟಿಗಳನ್ನು ಹರಡಿದ. ಡಬ್ಬಿಯ ಮುಚ್ಚಳ ತೆಗೆದ, ಚಟ್ನಿಪುಡಿ ಉದುರಿಸಿದ. ಬೀದಿಯಲ್ಲಿ ತಿನ್ನುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ ನಡುರಸ್ತೆಯಲ್ಲಿ, ಬಿಸಿಲಲ್ಲಿ ನಿಂತು ಬಾಯಿ ತುಂಬ ರೊಟ್ಟಿ ಅಗಿಯತೊಡಗಿದ. ಕರಕರ ಸದ್ದು ನನಗೂ ಕೇಳುತ್ತಿತ್ತು. ಒಮ್ಮೆ ಸೀನಿದ. ನಾನೂ ಒಂದು ತುಂಡು ತೆಗೆದುಕೊಂಡೆ.

ಹಲಗೆಯವನು ದೂರದಿಂದ ನಮ್ಮನ್ನೇ ನೋಡುತ್ತಿದ್ದ. ಕಲಿಸ್ತ ದೊಡ್ಡದೊಂದು ತುಂಡು ಆರಿಸಿ, ಪುಡಿ ಹಾಕಿ, ಶಂಕುಗಳ ನಡುವೆ ನಡೆದು ಅವನ ಬಳಿ ಹೋದ. ದಾರಿ ಅಡ್ಡಗಟ್ಟಿ ನಿಂತವನ ಎದುರು ಅವನು ತಾನಾಗಿ ನಡೆದು ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ. ರೊಟ್ಟಿ ಮುಂದೆ ಚಾಚಿ, ತನಗೆ ಬರುವ ಒಂದೇ ಒಂದು ಕನ್ನಡ ಮಾತನ್ನು, ನಾವೆಲ್ಲ ಕೇಳುವ ಹಾಗೆಯೇ, ಕೇಳಿದ:

"ಊಟ ಆತೇನ್ರಿ?"

ಆ ಮನುಷ್ಯ ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿದ.